ಹಳೆಯ ಎಂಜಿನ್ನಿನ ಎಣ್ಣೆ ಸೋರಿಕೆ: ಮೆತ್ತುವುದೋ, ಬಗೆಹರಿಸುವುದೋ?

ಹಳೆಯ ಮೋಟಾರ್ ಸೈಕಲ್ಲು ನಿಂತ ಜಾಗದಲ್ಲಿ ಎಣ್ಣೆಯ ಕಲೆ ಇರಲೇಬೇಕು ಎಂಬುದು ನಮ್ಮ ಜನರಲ್ಲಿ ಬಲವಾಗಿ ಬೇರೂರಿರುವ ಒಂದು ನಂಬಿಕೆ. ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಒಳಗೆ ಎಣ್ಣೆ ಇದೆಯೆಂದು ಸಮಾಧಾನಪಟ್ಟುಕೊಳ್ಳಬೇಕು, ತೊಟ್ಟಿಕ್ಕುವುದು ನಿಂತಾಗಲೇ ಚಿಂತಿಸಬೇಕು ಎಂಬ ಹಾಸ್ಯದ ಮಾತೂ ಸವಾರರಲ್ಲಿ ಪ್ರಚಾರದಲ್ಲಿದೆ. ಹಾಸ್ಯವನ್ನು ಹಾಸ್ಯವಾಗಿಯೇ ತೆಗೆದುಕೊಂಡರೆ ಬಾಧಕವಿಲ್ಲ. ಆದರೆ ಎಂಜಿನ್ನನ್ನು ಪೂರ್ತಿಯಾಗಿ ಬಿಚ್ಚಿ, ಸಾವಿರಾರು ರೂಪಾಯಿ ವೆಚ್ಚಮಾಡಿ ಮರಳಿ ಕಟ್ಟಿದ ಮೇಲೂ ಒಂದು ತಿಂಗಳೊಳಗೆ ಅದೇ ಕಲೆ ಅದೇ ಜಾಗದಲ್ಲಿ ಕಾಣಿಸಿಕೊಂಡಾಗ, "ಹಳೆಯ ಗಾಡಿ, ಅಷ್ಟೆ" ಎಂದು ಸುಮ್ಮನಾಗುವುದು ಕಾರಣವನ್ನು ವಿಚಾರಿಸಲೊಲ್ಲದ ಮನಸ್ಸಿನ ಲಕ್ಷಣ. ಲೋಹಕ್ಕೆ ಮುಪ್ಪಿನಿಂದ ತಾನಾಗಿ ಸೋರುವ ಗುಣ ಬರುವುದಿಲ್ಲ. ಸೋರಿಕೆಗೆ ಒಂದು ದಾರಿ ಬೇಕು. ಆ ದಾರಿಯಲ್ಲಿ ಎಣ್ಣೆಯನ್ನು ನೂಕುವ ಒತ್ತಡವೊಂದು ಬೇಕು. ಇವೆರಡನ್ನೂ ಅಳೆಯಬಹುದು, ಅಳೆದದ್ದನ್ನು ಸರಿಪಡಿಸಬಹುದು. ಎಣ್ಣೆ ಸೋರಿಕೆಯನ್ನು ಅಂಟು ಮೆತ್ತಿ ಮರೆಮಾಡಬಾರದು, ಅಳತೆಯಿಂದ ಬಗೆಹರಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಇರುವ ಆಧಾರಗಳನ್ನು ತರುಣ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಈ ವಿಷಯ ಬೆಂಗಳೂರಿನ ದಕ್ಷಿಣ ಬಡಾವಣೆಗಳ ವಿದ್ಯಾರ್ಥಿಗಳಿಗೆ ದೂರದ್ದಲ್ಲ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಅಡ್ಡರಸ್ತೆಗಳಲ್ಲಿ ಒಂದೇ ಬಾಗಿಲಿನ ಸಣ್ಣ ಗ್ಯಾರೇಜುಗಳು ಇಂದಿಗೂ ಇವೆ. ತಂದೆಯೋ ತಾತನೋ ಓಡಿಸಿದ ಗಾಡಿಯನ್ನು ಮರಳಿ ರಸ್ತೆಗಿಳಿಸಬೇಕೆಂಬ ಆಸೆಯಿಂದ ಅಲ್ಲಿಗೆ ಬರುವ ಕಾಲೇಜು ತರುಣರೂ ಇದ್ದಾರೆ. ಅಂಥ ಗಾಡಿಗಳಲ್ಲಿ ಕನ್ನಡನಾಡಿಗೆ ತೀರ ಆಪ್ತವಾದದ್ದು ಜಾವಾ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಜೆಕ್ ಉದ್ಯಮಿ 1929ರಲ್ಲಿ ಪ್ರಾಗ್ ನಗರದಲ್ಲಿ ಮೋಟಾರ್ ಸೈಕಲ್ ತಯಾರಿಕೆಗೆ ಕೈಹಾಕಿದಾಗ, ತನ್ನ ಹೆಸರಿನ ಮತ್ತು ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಈ ಹೆಸರನ್ನಿಟ್ಟನು. 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಈ ಗಾಡಿಗಳು ತಯಾರಾಗತೊಡಗಿದವು; 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂದಿತು; 1996ರಲ್ಲಿ ಕಾರ್ಖಾನೆಯ ಕೆಲಸ ನಿಂತಿತು. 2018ರಲ್ಲಿ ಜಾವಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಗಾಡಿಗಳ ಎಂಜಿನ್ನು ಸಂಪೂರ್ಣವಾಗಿ ಬೇರೆ. ಅದರ ಭಾಗಗಳು ಹಳೆಯದಕ್ಕೆ ಹೊಂದುವುದಿಲ್ಲ. ಆದ್ದರಿಂದ ಮೈಸೂರಿನ ಎಂಜಿನ್ನುಗಳಲ್ಲಿ ಅತ್ಯಂತ ಕಿರಿಯದಕ್ಕೂ ಇಂದು ಕಾಲು ಶತಮಾನಕ್ಕೆ ಮೀರಿದ ವಯಸ್ಸು. ಅವುಗಳ ಜೊತೆಗೆ ನಿಲ್ಲುವ ಇನ್ನೊಂದು ಹಳೆಯ ಗಾಡಿ, 1955ರಿಂದ ಮದರಾಸಿನಲ್ಲಿ ತಯಾರಾದ ಎನ್‌ಫೀಲ್ಡ್ ಬುಲೆಟ್. ಈ ಎರಡು ಎಂಜಿನ್ನುಗಳ ರಚನೆ ಬೇರೆ ಬೇರೆ; ಸೋರುವ ರೀತಿಯೂ ಬೇರೆ. ಆದ ಕಾರಣ ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ವಿಚಾರಮಾಡುವುದು ಒಳ್ಳೆಯದು.

ಮೊದಲು ದಾರಿಯ ವಿಚಾರ. ಎಂಜಿನ್ನಿನ ಹೊರಗವಚವು ಒಂದೇ ತುಂಡಲ್ಲ. ಹಲವು ಅಲ್ಯುಮಿನಿಯಂ ಎರಕಗಳನ್ನು ತಿರುಪುಗಳಿಂದ ಬಿಗಿದು ಮಾಡಿದ್ದು. ಎರಡು ಎರಕಗಳು ಸೇರುವೆಡೆಯಲ್ಲಿ ಕಣ್ಣಿಗೆ ಕಾಣದ ಸಂದು ಇದ್ದೇ ಇರುತ್ತದೆ. ಅದನ್ನು ತುಂಬಲೆಂದು ನಡುವೆ ತೆಳುವಾದ ಕಾಗದದ ಹಾಳೆಯನ್ನಿಡುತ್ತಾರೆ. ಇದೇ ಗ್ಯಾಸ್ಕೆಟ್ಟು, ಗ್ಯಾರೇಜಿನ ಮಾತಿನಲ್ಲಿ ಪ್ಯಾಕಿಂಗು. ಕಿರಿದಾದ ಸಂದಿನಲ್ಲಿ ದ್ರವ ಹರಿಯುವ ಪ್ರಮಾಣವನ್ನು ಕುರಿತು ಭೌತಶಾಸ್ತ್ರದಲ್ಲಿ ಸರಳವಾದ ಒಂದು ನಿಯಮವಿದೆ. ಹರಿವು ಒತ್ತಡಕ್ಕೆ ನೇರ ಅನುಪಾತದಲ್ಲಿಯೂ ದ್ರವದ ಸ್ನಿಗ್ಧತೆಗೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ಆದರೆ ಸಂದಿನ ಎತ್ತರಕ್ಕೆ ಬಂದಾಗ ಅದು ಎತ್ತರದ ಘನಕ್ಕೆ ಅನುಗುಣವಾಗಿರುತ್ತದೆ. ಅಂದರೆ ಸಂದು ಅರ್ಧವಾದರೆ ಸೋರಿಕೆ ಅರ್ಧವಾಗುವುದಿಲ್ಲ, ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. 0.10 ಮಿಲಿಮೀಟರ್ ಸಂದನ್ನು 0.02 ಮಿಲಿಮೀಟರಿಗೆ ಇಳಿಸಿದರೆ ಸೋರಿಕೆ 125ರಲ್ಲಿ ಒಂದು ಪಾಲಾಗುತ್ತದೆ.

ಈ ಒಂದು ನಿಯಮವನ್ನು ಅರಿತರೆ ಪ್ರಚಲಿತವಾದ ಎರಡು ಔಷಧಗಳ ಯೋಗ್ಯತೆ ತಿಳಿಯುತ್ತದೆ. ಸೋರುವ ಎಂಜಿನ್ನಿಗೆ ದಪ್ಪನೆಯ ಎಣ್ಣೆ ಹಾಕಿ ಎಂದು ಸಲಹೆ ಮಾಡುವವರುಂಟು. ಸ್ನಿಗ್ಧತೆಯನ್ನು ಎರಡರಷ್ಟು ಮಾಡಿದರೂ ಸೋರಿಕೆ ಅರ್ಧಕ್ಕಷ್ಟೇ ಇಳಿಯುತ್ತದೆ. ಆ ಲಾಭಕ್ಕಾಗಿ ಬೆಳಗಿನ ಚಳಿಯಲ್ಲಿ ಎಂಜಿನ್ನಿನ ಎಲ್ಲ ಭಾಗಗಳಿಗೆ ಎಣ್ಣೆ ತಡವಾಗಿ ತಲಪುವ ನಷ್ಟವನ್ನು ಅನುಭವಿಸಬೇಕು. ಎರಡು ಪ್ಯಾಕಿಂಗುಗಳನ್ನು ಒಂದರ ಮೇಲೊಂದಿಟ್ಟು ಬಿಗಿಯುವುದು ಎರಡನೆಯ ಔಷಧ. ಮೈ ಸೊಟ್ಟಗಿದ್ದರೆ ಎಷ್ಟು ಕಾಗದವಿಟ್ಟರೂ ಬಿಗಿತ ಎಲ್ಲೆಡೆ ಸಮನಾಗುವುದಿಲ್ಲ. ಮೇಲಾಗಿ ಕಾಗದ ಕಾಲಕ್ರಮದಲ್ಲಿ ಕುಗ್ಗಿ ತಿರುಪುಗಳು ಸಡಿಲವಾಗುತ್ತವೆ. ಇವೆರಡಕ್ಕಿಂತ ಮೈಯನ್ನು ಮಟ್ಟಸಮಾಡುವ ಕೆಲಸ ಎಷ್ಟೋ ಪಾಲು ಫಲಕಾರಿ.

ಮೈ ಮಟ್ಟಸವಾಗಿದೆಯೇ ಎಂಬುದನ್ನು ನೋಡಲು ದೊಡ್ಡ ಯಂತ್ರಗಳು ಬೇಕಿಲ್ಲ. ದಪ್ಪನೆಯ ಗಾಜಿನ ಹಲಗೆಯೊಂದು, ನಯವಾದ ಎಮರಿ ಕಾಗದ, ಸ್ವಲ್ಪ ಸೀಮೆಎಣ್ಣೆ, ಸಂದನ್ನು ಅಳೆಯುವ ಉಕ್ಕಿನ ಎಲೆಗಳ ಒಂದು ಕಟ್ಟು—ಅಂದರೆ ಫೀಲರ್ ಗೇಜು—ಇವಿಷ್ಟು ಸಾಕು. ಎರಕದ ಅಂಚಿಗೆ ನೀಲಿ ಬಣ್ಣವನ್ನು ತೆಳುವಾಗಿ ಹಚ್ಚಿ ಗಾಜಿನ ಮೇಲೆ ಮೆಲ್ಲನೆ ಆಡಿಸಿದರೆ ಉಬ್ಬಿದ ಜಾಗದಲ್ಲಿ ಬಣ್ಣ ಅಳಿಸುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಹಳೆಯ ಎಂಜಿನ್ನುಗಳಲ್ಲಿ ಹೀಗೆ ಹೊರಬೀಳುವ ದೋಷಗಳಲ್ಲಿ ಬಹುಪಾಲು ಮುಪ್ಪಿನವಲ್ಲ, ಮನುಷ್ಯರು ಮಾಡಿದವು. ಎರಡು ಎರಕಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿದಾಗ ಬಿದ್ದ ಗಾಯ ಒಂದು. ತಿರುಪನ್ನು ಮಿತಿಮೀರಿ ಬಿಗಿದಾಗ ಮೆದುವಾದ ಅಲ್ಯುಮಿನಿಯಂ ರಂಧ್ರದ ಸುತ್ತ ಸಣ್ಣ ದಿಬ್ಬದಂತೆ ಮೇಲೆದ್ದಿರುವುದು ಇನ್ನೊಂದು. ಇಂಥ ದಿಬ್ಬವೊಂದಿದ್ದರೆ ಸಾಕು, ಎರಡು ಮೈಗಳು ಎಷ್ಟು ಬಿಗಿದರೂ ಕೂಡುವುದಿಲ್ಲ; ಸೋರಿಕೆ ಹೆಚ್ಚಿತೆಂದು ಮತ್ತೆ ಬಿಗಿದರೆ ದಿಬ್ಬ ಇನ್ನಷ್ಟು ಬೆಳೆಯುತ್ತದೆ. ರಂಧ್ರದ ಬಾಯನ್ನು ತುಸು ಕೆರೆದು, ಹಾಳಾದ ಮರೆಯಲ್ಲಿ ಉಕ್ಕಿನ ಸುರುಳಿಯನ್ನು ಕೂರಿಸಿ, ಮೈಯನ್ನು ಗಾಜಿನ ಮೇಲೆ ಎಂಟರ ಆಕಾರದಲ್ಲಿ ತೇಯ್ದು, ಕೊನೆಗೆ ತಿರುಪುಗಳನ್ನು ಎದುರುಬದಿರಾಗಿ ಹಂತಹಂತವಾಗಿ ಬಿಗಿದರೆ ಆ ಸೇರುವೆಯ ಚಿಂತೆ ಬಹುಕಾಲ ಇರುವುದಿಲ್ಲ.

ಆದರೂ ಕಾಗದದ ಹಾಳೆ ಏಕೆ ಬೇಕು, ಮಟ್ಟಸವಾದ ಲೋಹದ ಮೇಲೆ ಲೋಹವನ್ನೇ ಕೂರಿಸಬಾರದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಉಷ್ಣದಿಂದ ಆಗುವ ಹಿಗ್ಗುವಿಕೆ ಇದಕ್ಕೆ ಉತ್ತರ. ಬುಲೆಟ್ಟಿನಲ್ಲಿಯೂ ಹಳೆಯ ಜಾವಾದಲ್ಲಿಯೂ ಸಿಲಿಂಡರು ಎರಕದ ಕಬ್ಬಿಣದ್ದು. ಅದು ಕುಳಿತಿರುವ ಕ್ರ್ಯಾಂಕ್ ಕೇಸು ಅಲ್ಯುಮಿನಿಯಮಿನದು. 100 ಮಿಲಿಮೀಟರ್ ಅಗಲದ ಮೈ 80 ಡಿಗ್ರಿ ಸೆಂಟಿಗ್ರೇಡಿನಷ್ಟು ಕಾದರೆ ಅಲ್ಯುಮಿನಿಯಂ ಸುಮಾರು 0.18 ಮಿಲಿಮೀಟರ್ ಹಿಗ್ಗುತ್ತದೆ, ಕಬ್ಬಿಣ 0.09 ಮಿಲಿಮೀಟರ್ ಮಾತ್ರ. ಎಂದ ಮೇಲೆ ಪ್ರತಿಸಲ ಎಂಜಿನ್ನು ಕಾದು ತಣಿದಾಗಲೂ ಒಂದು ಮೈ ಇನ್ನೊಂದರ ಮೇಲೆ ಅತ್ಯಲ್ಪವಾಗಿ ಜಾರುತ್ತಲೇ ಇರುತ್ತದೆ. ಈ ಜಾರಾಟವನ್ನು ಸಹಿಸಿಕೊಂಡು ಸಂದನ್ನು ತುಂಬುವ ವಸ್ತು ನಡುವೆ ಇರಬೇಕು. ಗಡುಸಾಗಿ ಒಣಗಿ ಬಿರುಕುಬಿಡುವ ಅಂಟು ಇಂಥ ಎಡೆಯಲ್ಲಿ ಬಾಳುವುದಿಲ್ಲ ಎಂಬುದೂ ಇದರಿಂದಲೇ ಸಿದ್ಧವಾಗುತ್ತದೆ.

ಇನ್ನು ಒತ್ತಡದ ವಿಚಾರ. ಬುಲೆಟ್ಟು ನಾಲ್ಕು ಹೊಡೆತದ ಎಂಜಿನ್ನು. 350 ಸಿ.ಸಿ. ಮಾದರಿಯಲ್ಲಿ ಸಿಲಿಂಡರಿನ ವ್ಯಾಸ 70 ಮಿಲಿಮೀಟರ್, ಪಿಸ್ಟನ್ನಿನ ಓಟ 90 ಮಿಲಿಮೀಟರ್. ಗುಣಿಸಿ ನೋಡಿದರೆ 346 ಘನ ಸೆಂಟಿಮೀಟರ್. ಪಿಸ್ಟನ್ನು ಕೆಳಗಿಳಿದಾಗಲೆಲ್ಲ ಅಷ್ಟು ಗಾಳಿಯನ್ನು ಕೆಳಗಿನ ಕ್ರ್ಯಾಂಕ್ ಕೇಸಿನೊಳಕ್ಕೆ ಒತ್ತುತ್ತದೆ. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಇದು ಸೆಕೆಂಡಿಗೆ 50 ಬಾರಿ ನಡೆಯುತ್ತದೆ. ಈ ಗಾಳಿ ಹೊರಹೋಗಲು ಉಸಿರುಗೊಳವೆಯೊಂದಿದೆ. ಹೊರಗಿನ ಗಾಳಿ ಮರಳಿ ಒಳನುಗ್ಗದಂತೆ ಬಾತುಕೋಳಿಯ ಕೊಕ್ಕಿನ ಆಕಾರದ ರಬ್ಬರ್ ಕವಾಟವಿದೆ. ಕವಾಟ ಗಟ್ಟಿಯಾಗಿ ಅಂಟಿಕೊಂಡರೆ, ಇಲ್ಲವೇ ಗೊಳವೆ ಕಟ್ಟಿಕೊಂಡರೆ, ಒಳಗಿನ ಒತ್ತಡ ಎಲ್ಲ ಸೇರುವೆಗಳಲ್ಲಿಯೂ ಎಣ್ಣೆಯನ್ನು ಹೊರಕ್ಕೆ ನೂಕುತ್ತದೆ. ಸವೆದ ಪಿಸ್ಟನ್ ಉಂಗುರಗಳನ್ನು ದಾಟಿ ಉರಿದ ಅನಿಲವೂ ಕೆಳಕ್ಕೆ ನುಗ್ಗಿದರಂತೂ ಹೇಳುವುದೇ ಬೇಡ. ಇಂಥ ಎಂಜಿನ್ನಿನಲ್ಲಿ ಒಂದು ಸೋರಿಕೆಯನ್ನು ಮುಚ್ಚಿದರೆ ಇನ್ನೊಂದು ಕಡೆ ಬಾಯಿ ತೆರೆಯುತ್ತದೆ. ಹತ್ತು ಸೇರುವೆಗಳ ಸೋರಿಕೆಗೆ ಒಂದೇ ಕಾರಣವಿರುವಾಗ ಹತ್ತು ಪ್ಯಾಕಿಂಗುಗಳನ್ನು ಬದಲಿಸುವುದು ವ್ಯರ್ಥ ವೆಚ್ಚ. ಉಸಿರುಗೊಳವೆಯನ್ನು ಶುದ್ಧಿಮಾಡಿ, ಸಿಲಿಂಡರು ಮತ್ತು ಉಂಗುರಗಳ ಸವೆತವನ್ನು ಅಳೆದ ಮೇಲೆಯೇ ಪ್ಯಾಕಿಂಗಿನ ಮಾತು.

ಜಾವಾದ ಕಥೆ ಇದಕ್ಕಿಂತ ಸ್ವಾರಸ್ಯವಾದದ್ದು. ಅದು ಟೂ ಸ್ಟ್ರೋಕ್, ಅಂದರೆ ಎರಡು ಹೊಡೆತದ ಎಂಜಿನ್ನು. ವ್ಯಾಸ 65, ಓಟ 75 ಮಿಲಿಮೀಟರ್. ಗಾತ್ರ ಸುಮಾರು 249 ಘನ ಸೆಂಟಿಮೀಟರ್. ಇದರಲ್ಲಿ ಕ್ರ್ಯಾಂಕ್ ಕೇಸೇ ಒಂದು ಪಂಪಿನಂತೆ ಕೆಲಸಮಾಡುತ್ತದೆ. ಪಿಸ್ಟನ್ನು ಮೇಲೇರಿದಾಗ ಒಳಗಿನ ಒತ್ತಡ ಹೊರಗಿನ ವಾಯುವಿನ ಒತ್ತಡಕ್ಕಿಂತ ಕಡಿಮೆಯಾಗಿ, ಪೆಟ್ರೋಲು, ಗಾಳಿ ಮತ್ತು ಎಣ್ಣೆಯ ಮಿಶ್ರಣ ಒಳಕ್ಕೆ ಸೇದಲ್ಪಡುತ್ತದೆ. ಕೆಳಗಿಳಿದಾಗ ಒತ್ತಡ ಹೆಚ್ಚಿ ಮಿಶ್ರಣ ಸಿಲಿಂಡರಿಗೆ ತಳ್ಳಲ್ಪಡುತ್ತದೆ. ಕ್ರ್ಯಾಂಕಿನ ದಂಡ ಕೇಸಿನಿಂದ ಹೊರಬರುವ ಎರಡು ಪಕ್ಕಗಳಲ್ಲಿಯೂ ರಬ್ಬರಿನ ಆಯಿಲ್ ಸೀಲುಗಳಿರುತ್ತವೆ. ಎಡಪಕ್ಕದ ಸೀಲಿನಾಚೆ ಸರಪಳಿ ಮತ್ತು ಕ್ಲಚ್ಚು ಎಣ್ಣೆಯಲ್ಲಿ ಮುಳುಗಿವೆ. ಬಲಪಕ್ಕದಾಚೆ ಡೈನಮೋ ಇದೆ.

ಎಡಗಡೆಯ ಸೀಲು ಸವೆದರೆ ಏನಾಗುತ್ತದೆ? ಎಣ್ಣೆ ನೆಲಕ್ಕೆ ತೊಟ್ಟಿಕ್ಕುವುದಿಲ್ಲ. ಕ್ರ್ಯಾಂಕ್ ಕೇಸು ಅದನ್ನು ಒಳಕ್ಕೆ ಸೇದಿ ಸುಡುತ್ತದೆ. ಹೊಗೆ ದಟ್ಟವಾಗುತ್ತದೆ, ಪ್ಲಗ್ಗು ಜಿಡ್ಡಾಗುತ್ತದೆ, ಗಿಯರ್ ಪೆಟ್ಟಿಗೆಯ ಎಣ್ಣೆಯ ಮಟ್ಟ ದಿನದಿನಕ್ಕೆ ಇಳಿಯುತ್ತದೆ. ಗಾಡಿಯ ಕೆಳಗಿನ ನೆಲ ಮಾತ್ರ ಒಣಗಿಯೇ ಇರುತ್ತದೆ. ಬಲಗಡೆಯ ಸೀಲು ಸವೆದರೆ ಎಣ್ಣೆಗೆ ಬದಲಾಗಿ ಗಾಳಿ ಒಳನುಗ್ಗುತ್ತದೆ. ಆಗ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ. ಪೆಟ್ರೋಲಿನೊಡನೆಯೇ ಬರಬೇಕಾದ ಎಣ್ಣೆಯ ಪಾಲೂ ಕಡಿಮೆಯಾಗುತ್ತದೆ. ಉರಿಯ ತಾಪ ಏರಿ ಪಿಸ್ಟನ್ನು ಸಿಲಿಂಡರಿನಲ್ಲಿ ಕಚ್ಚಿಕೊಳ್ಳಬಹುದು. ಮೈಸೂರು ರಸ್ತೆಯಲ್ಲಿ ವೇಗವಾಗಿ ಓಡುತ್ತಿರುವ ಗಾಡಿಯಲ್ಲಿ ಪಿಸ್ಟನ್ನು ಹಾಗೆ ಕಚ್ಚಿಕೊಂಡರೆ, ಸವಾರ ಕ್ಲಚ್ಚನ್ನು ಹಿಡಿಯುವ ಮೊದಲೇ ಹಿಂದಿನ ಚಕ್ರ ಸ್ತಂಭಿಸಿ ಗಾಡಿ ಜಾರುವ ಸಂಭವವಿದೆ. ಆದುದರಿಂದ ಸೋರಿಕೆಯನ್ನು ನೆಲದ ಮೇಲಿನ ಕಲೆಯಿಂದ ನಿರ್ಣಯಿಸುವ ವಾಡಿಕೆ ತಪ್ಪು ಮಾತ್ರವಲ್ಲ, ಪ್ರಾಣಾಪಾಯಕ್ಕೆ ದಾರಿ. ಕಣ್ಣಿಗೆ ಕಾಣದ ಸೋರಿಕೆಯನ್ನು ಕಾಣಿಸುವಂತೆ ಮಾಡುವ ಪರೀಕ್ಷೆ ಬೇಕು.

ಆ ಪರೀಕ್ಷೆಯೂ ದುಬಾರಿಯದಲ್ಲ. ಎರಡು ಹೊಡೆತದ ಎಂಜಿನ್ನನ್ನು ಕಟ್ಟಿ ಮುಗಿಸಿದ ಮೇಲೆ, ಗಾಡಿಗೆ ಕೂರಿಸುವ ಮೊದಲು, ಮಿಶ್ರಣ ಬರುವ ದ್ವಾರವನ್ನೂ ಹೊಗೆ ಹೋಗುವ ದ್ವಾರವನ್ನೂ ರಬ್ಬರ್ ಹಾಳೆಯಿಟ್ಟು ಬಿಗಿಯಾಗಿ ಮುಚ್ಚಬೇಕು. ಬಳಿಕ ಪ್ಲಗ್ಗಿನ ರಂಧ್ರದ ಮೂಲಕ ಚದರ ಸೆಂಟಿಮೀಟರಿಗೆ 0.3ರಿಂದ 0.4 ಕಿಲೋಗ್ರಾಮಿನಷ್ಟು ಒತ್ತಡವನ್ನು ತುಂಬಬೇಕು. ರಕ್ತದೊತ್ತಡ ನೋಡುವ ಉಪಕರಣದ ಕೈಪಂಪು ಮತ್ತು ಮಾಪಕವೇ ಇದಕ್ಕೆ ಸಾಕು. ಅದರಲ್ಲಿ 250 ಮಿಲಿಮೀಟರ್ ಪಾದರಸವೆಂದರೆ ಸುಮಾರು ಇಷ್ಟೇ ಒತ್ತಡ. ಮುಳ್ಳು ಕೆಲವು ನಿಮಿಷ ಅಲ್ಲಾಡದೆ ನಿಂತರೆ ಎಂಜಿನ್ನು ಬಿಗಿಯಾಗಿದೆ. ಇಳಿಯತೊಡಗಿದರೆ ಸೇರುವೆಗಳ ಮೇಲೂ ಸೀಲುಗಳ ಸುತ್ತಲೂ ಸೋಪಿನ ನೀರನ್ನು ಹಚ್ಚಬೇಕು. ಗುಳ್ಳೆ ಎದ್ದ ಕಡೆ ದೋಷವಿದೆ. ಕಾರ್ಖಾನೆಯ ದೊಡ್ಡ ಕಂಪ್ರೆಸರಿನ ಗಾಳಿಯನ್ನು ಇದಕ್ಕೆ ಬಳಸಬಾರದು. ಅದು ಸೀಲುಗಳನ್ನೇ ಕಿತ್ತೀತು. ಬುಲೆಟ್ಟಿನಂಥ ಎಂಜಿನ್ನಿನಲ್ಲಿ ಹೊರಸೋರಿಕೆಯ ಮೂಲವನ್ನು ಹುಡುಕಲು ಇನ್ನೊಂದು ಉಪಾಯವಿದೆ. ಎಂಜಿನ್ನನ್ನು ಸೀಮೆಎಣ್ಣೆಯಿಂದ ತೊಳೆದು ಚೆನ್ನಾಗಿ ಒಣಗಿಸಿ, ಸೀಮೆಸುಣ್ಣದ ನಯವಾದ ಪುಡಿಯನ್ನು ಉದುರಿಸಿ, ನಿಂತಲ್ಲಿಯೇ ಕೆಲವು ನಿಮಿಷ ಓಡಿಸಬೇಕು. ಎಣ್ಣೆ ಗುರುತ್ವಕ್ಕೆ ಸಿಕ್ಕಿ ಕೆಳಕ್ಕೂ, ಗಾಡಿ ಓಡುವಾಗ ಗಾಳಿಗೆ ಸಿಕ್ಕಿ ಹಿಂದಕ್ಕೂ ಹರಿಯುವುದರಿಂದ, ಹನಿ ಬೀಳುವ ಜಾಗ ಒಂದು, ಸೋರುವ ಜಾಗ ಮತ್ತೊಂದು. ಬಿಳಿಯ ಪುಡಿಯಲ್ಲಿ ಮೊದಲು ಒದ್ದೆಯಾದ ಚುಕ್ಕೆ ನಿಜವಾದ ಮೂಲವನ್ನು ತೋರಿಸಿಕೊಡುತ್ತದೆ.

ತಿರುಗುವ ದಂಡಗಳ ಸುತ್ತ ಇರುವ ಸೀಲುಗಳ ವಿಚಾರದಲ್ಲಿಯೂ ಒಂದು ತಪ್ಪು ತಿಳುವಳಿಕೆ ಉಂಟು. ಹೊಸ ಸೀಲು ಹಾಕಿದರೆ ಸೋರಿಕೆ ನಿಲ್ಲಲೇಬೇಕು ಎಂದು ಜನ ಭಾವಿಸುತ್ತಾರೆ. ಸೀಲಿನ ತುಟಿ ದಂಡವನ್ನು ಒಣದಾಗಿ ಉಜ್ಜುವುದಿಲ್ಲ. ಅತ್ಯಂತ ತೆಳುವಾದ ಎಣ್ಣೆಯ ಪೊರೆಯ ಮೇಲೆ ಜಾರುತ್ತದೆ. ಈ ಪೊರೆ ನಿಲ್ಲಬೇಕಾದರೆ ದಂಡದ ಮೈ ನಯವಾಗಿಯೂ ದುಂಡಾಗಿಯೂ ಇರಬೇಕು. ದಶಕಗಳ ಓಟದಲ್ಲಿ ತುಟಿ ತಗಲಿದ ಕಡೆ ದಂಡದಲ್ಲಿ ಉಗುರಿಗೆ ಸಿಕ್ಕುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲಿನಿಂದ ಪ್ರಯೋಜನವಿಲ್ಲ. ತೆಳುವಾದ ಉಕ್ಕಿನ ತೊಡಿಗೆಯನ್ನು ದಂಡಕ್ಕೆ ಹಾಕಬೇಕು, ಇಲ್ಲವೇ ಜಾಗವಿದ್ದರೆ ತುಟಿ ಗೀರಿನ ಮೇಲೆ ಕೂರದಂತೆ ಸೀಲನ್ನು ತುಸು ಸರಿಸಿ ಕೂರಿಸಬೇಕು. ದಂಡದ ಬೇರಿಂಗು ಸವೆದು ಅದು ಅಲ್ಲಾಡುತ್ತಿದ್ದರಂತೂ ಯಾವ ಸೀಲೂ ನಿಲ್ಲದು. ಗಿಯರು ಬದಲಿಸುವ ಸನ್ನೆಯೇ ಕಿಕ್ಕರೂ ಆಗಿರುವುದು ಜಾವಾದ ಪ್ರಸಿದ್ಧ ವೈಶಿಷ್ಟ್ಯ. ಒಂದು ದಂಡದೊಳಗೆ ಇನ್ನೊಂದು ದಂಡ ಓಡಾಡುವ ಆ ಎಡೆ ಸೋರತೊಡಗಿದಾಗಲೂ ಮೊದಲು ನೋಡಬೇಕಾದದ್ದು ದಂಡಗಳ ಸವೆತವನ್ನೇ.

ಹೀಗಿದ್ದರೂ ಸೋರಿಕೆ ಕಂಡೊಡನೆ ಕೈ ಅಂಟಿನ ಕೊಳವೆಯ ಕಡೆಗೆ ಹೋಗುವುದು ವಾಡಿಕೆಯಾಗಿದೆ. ಅಂಟನ್ನು ನಾವು ಪೂರ್ತಿಯಾಗಿ ನಿಷೇಧಿಸುವುದಿಲ್ಲ. ಮಟ್ಟಸವಾದ ಮೈಯ ಮೇಲೆ ತೆಳುವಾಗಿ ಬಳಿದ ತಕ್ಕ ಅಂಟು ಒಳ್ಳೆಯ ಸಹಾಯಕ. ಆದರೆ ಸಿಲಿಕೋನ್ ಅಂಟನ್ನು ಧಾರಾಳವಾಗಿ ಮೆತ್ತಿ ಬಿಗಿದಾಗ ಹೊರಕ್ಕೆ ಉಕ್ಕುವಷ್ಟೇ ಒಳಕ್ಕೂ ಉಕ್ಕುತ್ತದೆ. ಹೊರಗಿನದನ್ನು ಬಟ್ಟೆಯಿಂದ ಒರೆಸುತ್ತೇವೆ. ಒಳಗಿನದು ಕಾಲಕ್ರಮದಲ್ಲಿ ಚೂರಾಗಿ ಕಳಚಿ ಎಣ್ಣೆಯ ಜಾಲರಿಯನ್ನೋ ಕಿರುದಾರಿಯನ್ನೋ ಮುಚ್ಚಬಹುದು. ಹೊರಗೆ ಹನಿ ನಿಲ್ಲಿಸಲು ಹೋಗಿ ಒಳಗೆ ಬೇರಿಂಗಿಗೆ ಎಣ್ಣೆ ತಪ್ಪಿಸಿದಂತಾಗುತ್ತದೆ. ಹಳೆಯ ತಲೆಮಾರಿನ ಮೆಕ್ಯಾನಿಕ್ಕರು ಪ್ಯಾಕಿಂಗಿಗೆ ಹಚ್ಚುತ್ತಿದ್ದುದು ಅರಗಿನ ದ್ರಾವಣ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿರುವ ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವುದೂ ಅರಗೇ. ಆ ಕಾಲಕ್ಕೆ ಅದು ಉಚಿತವಾದ ವಸ್ತುವಾಗಿತ್ತು, ಏಕೆಂದರೆ ಅರಗು ಖನಿಜತೈಲದಲ್ಲಿಯಾಗಲಿ ಪೆಟ್ರೋಲಿನಲ್ಲಿಯಾಗಲಿ ಕರಗುವುದಿಲ್ಲ. ಆದರೆ ಮದ್ಯಸಾರದಲ್ಲಿ ಕರಗುತ್ತದೆ. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಎಥನಾಲ್ ಎಂಬ ಮದ್ಯಸಾರವನ್ನು ಬೆರೆಸುವ ಪ್ರಮಾಣ 2025ರಲ್ಲಿ ಶೇಕಡಾ 20ಕ್ಕೆ ತಲಪಿತು. ಎರಡು ಹೊಡೆತದ ಎಂಜಿನ್ನಿನಲ್ಲಿ ಪೆಟ್ರೋಲಿನ ಮಿಶ್ರಣ ಕ್ರ್ಯಾಂಕ್ ಕೇಸಿನ ಸೇರುವೆಗಳನ್ನೂ ಸೀಲುಗಳನ್ನೂ ನೇರವಾಗಿ ತಾಗುತ್ತದೆ. ಆದ್ದರಿಂದ ಅಂಥ ಎಡೆಗಳಿಗೆ ಅರಗು ಇಂದು ತಕ್ಕದ್ದಲ್ಲ. ಹಳೆಯ ದಾಸ್ತಾನಿನ ರಬ್ಬರ್ ಸೀಲುಗಳನ್ನೂ ಪರೀಕ್ಷಿಸದೆ ನಂಬುವಂತಿಲ್ಲ. ಗುರುವಿನಿಂದ ಬಂದ ವಿದ್ಯೆಯನ್ನು ಗೌರವಿಸುವುದೆಂದರೆ ಅದು ಯಾವ ಸ್ಥಿತಿಯಲ್ಲಿ ನಿಜವಾಗಿತ್ತು ಎಂಬುದನ್ನು ತಿಳಿದುಕೊಳ್ಳುವುದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಇಷ್ಟನ್ನು ಓದಿ ಮೆಕ್ಯಾನಿಕ್ಕರ ಮೇಲೆ ತಪ್ಪು ಹೊರಿಸಲು ಯಾರೂ ಆತುರಪಡಬಾರದು. ಕಾರ್ಖಾನೆ ಮುಚ್ಚಿದ ಮೇಲೆಯೂ ಮೈಸೂರಿನ ಎಂಜಿನ್ನುಗಳನ್ನು ಜೀವಂತವಾಗಿ ಉಳಿಸಿದವರು ಅವರೇ. ಪ್ಯಾಕಿಂಗು ಸಿಕ್ಕದಾಗ ಕಾಗದವನ್ನು ಎರಕದ ಮೇಲಿಟ್ಟು, ಗುಂಡುಮೂತಿಯ ಸುತ್ತಿಗೆಯಿಂದ ಅಂಚಿನುದ್ದಕ್ಕೂ ತಟ್ಟಿ ಕತ್ತರಿಸುವ ಅವರ ಕೈಚಳಕವನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಮ್ಮೆ ನಿಂತು ನೋಡಬೇಕು. ಹೊಗೆಯ ಬಣ್ಣದಿಂದಲೂ ಶಬ್ದದಿಂದಲೂ ದೋಷವನ್ನು ಊಹಿಸುವ ಅನುಭವ ಅವರಲ್ಲಿದೆ. ಅವರಲ್ಲಿ ಕೊರತೆಯಾಗಿರುವುದು ಸಮಯ. ಆ ಸಮಯವನ್ನು ಕೊಡದವರು ಗಾಡಿಯ ಒಡೆಯರು. ಗ್ಯಾರೇಜಿನ ಬಿಲ್ಲನ್ನು ನೋಡಿದರೆ ಸೀಲಿಗೆ ಇಷ್ಟು, ಪ್ಯಾಕಿಂಗಿಗೆ ಇಷ್ಟು, ಬಿಚ್ಚಿ ಕಟ್ಟುವುದಕ್ಕೆ ಇಷ್ಟು ಎಂದಿರುತ್ತದೆ. ಅಳೆಯುವುದಕ್ಕೆ ಇಷ್ಟು ಎಂಬ ಸಾಲು ಇರುವುದಿಲ್ಲ. ಎರಕದ ಮೈಯನ್ನು ಗಾಜಿನ ಮೇಲೆ ತೇಯಲು ಬೇಕಾದ ಮೂರು ಗಂಟೆಗೆ ಕೂಲಿ ಕೊಡಲೊಲ್ಲದ ಒಡೆಯ, ಅದೇ ಸೋರಿಕೆಗಾಗಿ ವರ್ಷದಲ್ಲಿ ಮೂರು ಬಾರಿ ಎಂಜಿನ್ನನ್ನು ಬಿಚ್ಚಿಸುತ್ತಾನೆ. ಅಳತೆಗೂ ಪರೀಕ್ಷೆಗೂ ಪ್ರತ್ಯೇಕವಾದ ಕೂಲಿಯನ್ನು ಬಿಲ್ಲಿನಲ್ಲಿ ಬರೆಯುವ, ಅದನ್ನು ಮನಃಪೂರ್ವಕವಾಗಿ ಕೊಡುವ ಪದ್ಧತಿ ಬರಬೇಕು ಎಂದು ನಾವು ಒತ್ತಾಯಪೂರ್ವಕವಾಗಿ ಹೇಳುತ್ತೇವೆ. ಈ ಒಂದು ಬದಲಾವಣೆಯಿಂದ ಆಗುವ ಉಪಕಾರ ಹತ್ತು ಬಗೆಯ ಹೊಸ ಅಂಟುಗಳಿಂದ ಆಗದು.

ಒಂದೆರಡು ಹನಿ ಎಣ್ಣೆಗೆ ಇಷ್ಟು ವಿಚಾರ ಬೇಕೇ ಎಂದು ಕೇಳುವವರಿಗೆ ಇನ್ನೊಂದು ಲೆಕ್ಕವನ್ನು ಹೇಳಬೇಕಾಗಿದೆ. ಒಂದು ಮಿಲಿಲೀಟರಿಗೆ ಸುಮಾರು 20 ಹನಿ. ಐದು ನಿಮಿಷಕ್ಕೊಂದು ಹನಿಯಂತೆ ಹಗಲಿರುಳು ಸೋರಿದರೆ ದಿನಕ್ಕೆ 288 ಹನಿ, ಅಂದರೆ 14 ಮಿಲಿಲೀಟರಿಗೂ ಹೆಚ್ಚು. ಒಂದು ಮಿಲಿಲೀಟರು ಎಣ್ಣೆ ನೀರಿನ ಮೇಲೆ ಒಂದು ಮೈಕ್ರೋಮೀಟರ್, ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ದಪ್ಪಕ್ಕೆ ಹರಡಿದರೆ ಒಂದು ಚದರ ಮೀಟರನ್ನು ಮುಚ್ಚುತ್ತದೆ. ಹೀಗೆ ಒಂದು ಗಾಡಿಯ ಒಂದು ದಿನದ ಸೋರಿಕೆ 14 ಚದರ ಮೀಟರ್ ನೀರಿಗೆ ಹೊದಿಕೆಯಾಗಬಲ್ಲದು. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಕಾಣುವ ಕಾಮನಬಿಲ್ಲಿನ ಬಣ್ಣಗಳು ಇಂಥ ಪೊರೆಯವು. ಪೊರೆಯ ಮೇಲುಮೈ ಮತ್ತು ಕೆಳಮೈಗಳಿಂದ ಪ್ರತಿಫಲಿಸಿದ ಬೆಳಕಿನ ಅಲೆಗಳು ಒಂದನ್ನೊಂದು ಕೂಡಿಯೂ ಕಳೆದೂ ಆ ಬಣ್ಣಗಳು ಹುಟ್ಟುತ್ತವೆ. ನೋಡಲು ಚೆಲುವಾದ ಆ ನೀರು ಮೋರಿಯಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಸೇರುತ್ತದೆ. ಜೆ.ಪಿ. ನಗರಕ್ಕೆ ಸಾರಕ್ಕಿ ಮತ್ತು ಪುಟ್ಟೇನಹಳ್ಳಿ ಕೆರೆಗಳಿವೆ, ಜಯನಗರ ಬನಶಂಕರಿಗಳ ಮಧ್ಯೆ ಯಡಿಯೂರು ಕೆರೆಯಿದೆ. ಬಿ.ಟಿ.ಎಂ. ಎಂಬ ಹೆಸರಾದರೋ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳದು. ಅವುಗಳಲ್ಲಿ ಒಂದರ ಹೆಸರಿನಲ್ಲಿಯೇ ಕೆರೆ ಕುಳಿತಿದೆ. ಕೆರೆಗಳ ಮಾಲಿನ್ಯಕ್ಕೆ ಹಳೆಯ ಮೋಟಾರ್ ಸೈಕಲ್ಲುಗಳೇ ಕಾರಣವೆಂದು ನಾವು ಹೇಳುತ್ತಿಲ್ಲ. ಚರಂಡಿಯ ಪಾಲು ಅದಕ್ಕಿಂತ ಎಷ್ಟೋ ದೊಡ್ಡದು. ಆದರೆ ದೊಡ್ಡ ತಪ್ಪು ಇರುವುದು ಸಣ್ಣ ತಪ್ಪಿಗೆ ಅನುಮತಿಯಾಗಲಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿ ಬಿಟ್ಟ ಎಂಜಿನ್ ಎಣ್ಣೆಯೂ ಸೇರಿದೆ ಎಂಬುದನ್ನು, ಅದನ್ನು ಮೋರಿಗೆ ಸುರಿಯುವವರು ನೆನೆಯಬೇಕು. ಹಿಂದಿನ ಚಕ್ರಕ್ಕೂ ಬ್ರೇಕಿಗೂ ಹಾರುವ ಎಣ್ಣೆಯಿಂದ ಸವಾರನಿಗೆ ಒದಗುವ ಅಪಾಯವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಕಡೆಯದಾಗಿ ವಿದ್ಯಾಸಂಸ್ಥೆಗಳಿಗೆ ಒಂದು ಸಲಹೆ. ಸ್ನಿಗ್ಧತೆ, ಉಷ್ಣದಿಂದ ಹಿಗ್ಗುವಿಕೆ, ವಾಯುವಿನ ಒತ್ತಡ, ದ್ರಾವ್ಯತೆ, ತೆಳುಪೊರೆಯ ಬಣ್ಣ—ಇವೆಲ್ಲವನ್ನೂ ನಮ್ಮ ಪ್ರೌಢಶಾಲೆ ಕಾಲೇಜುಗಳಲ್ಲಿ ಬೇರೆ ಬೇರೆ ಅಧ್ಯಾಯಗಳಾಗಿ ಓದಿಸುತ್ತಾರೆ. ಸೋರುವ ಒಂದು ಹಳೆಯ ಎಂಜಿನ್ನಿನಲ್ಲಿ ಇವೆಲ್ಲ ಒಟ್ಟಿಗೆ ಕೂಡಿವೆ. ಗುಜರಿಯಲ್ಲಿ ಸಿಕ್ಕುವ ಅಂಥ ಎಂಜಿನ್ನೊಂದನ್ನು ಪ್ರಯೋಗಶಾಲೆಯಲ್ಲಿಟ್ಟು, ಬಡಾವಣೆಯ ಅನುಭವಸ್ಥ ಮೆಕ್ಯಾನಿಕ್ಕರೊಬ್ಬರನ್ನು ತಿಂಗಳಿಗೊಮ್ಮೆ ಗೌರವದಿಂದ ಕರೆಸಿ, ಅವರ ಕೈಕೆಲಸವನ್ನು ವಿದ್ಯಾರ್ಥಿಗಳು ಅಳತೆಯೊಡನೆ ಬರೆದಿಡುವಂತೆ ಮಾಡಿದರೆ ಇಬ್ಬರಿಗೂ ಲಾಭ. ಯಾವ ಸೇರುವೆಗೆ ಎಷ್ಟು ದಪ್ಪದ ಕಾಗದ, ಯಾವ ದಂಡದಲ್ಲಿ ಎಷ್ಟು ಸವೆತಕ್ಕೆ ಸೀಲು ಸೋತಿತು, ಯಾವ ಕ್ರಮದಲ್ಲಿ ಬಿಗಿದಾಗ ಮೈ ಕೂಡಿತು ಎಂಬ ವಿವರಗಳು ಇಂದು ಬಹುಮಟ್ಟಿಗೆ ವಯಸ್ಸಾದ ಕೆಲವರ ನೆನಪಿನಲ್ಲಿ ಮಾತ್ರ ಇವೆ. ಆ ಗ್ಯಾರೇಜುಗಳ ಬಾಗಿಲು ಮುಚ್ಚುವ ಮೊದಲು ಅವು ಕನ್ನಡದಲ್ಲಿ ಬರಹಕ್ಕೆ ಬರಬೇಕು. ಮನೆಯಲ್ಲಿ ಹಳೆಯ ಗಾಡಿಯಿರುವ ವಿದ್ಯಾರ್ಥಿಗಳು ಇದಕ್ಕಾಗಿ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಬರುವ ಭಾನುವಾರ ಅದನ್ನು ತೊಳೆದು, ಒಣಗಿಸಿ, ಸುಣ್ಣದ ಪುಡಿ ಉದುರಿಸಿ, ಮೊದಲ ಒದ್ದೆ ಚುಕ್ಕೆ ಎಲ್ಲಿ ಮೂಡಿತೆಂಬುದನ್ನು ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಬರೆದುಕೊಳ್ಳಲಿ. ಅಂಟಿನ ಕೊಳವೆಯನ್ನು ಕೊಳ್ಳಬೇಕೇ ಬೇಡವೇ ಎಂಬುದನ್ನು ಅನಂತರ ನಿಶ್ಚಯಿಸಬಹುದು.